ಕ್ಲೌಡ್ ಫಂಕ್ಷನ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ಮಾನ್ಯ ಸಂಪಾದಕರೇ,

ಸರ್ವರ್‌ಲೆಸ್ ಕ್ಲೌಡ್ ಫಂಕ್ಷನ್‌ಗಳ ಕುರಿತು ಕನ್ನಡ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಆಗಾಗ ಬರುವ ಲೇಖನಗಳನ್ನು ಆಸಕ್ತಿಯಿಂದ ಓದುತ್ತೇನೆ. ಯಂತ್ರವೊಂದನ್ನು ಬಾಡಿಗೆಗೆ ಹಿಡಿದು ಹಗಲಿರುಳು ಓಡಿಸಬೇಕಾಗಿಲ್ಲ, ಬರೆದ ಕೋಡನ್ನು ಕ್ಲೌಡ್‌ಗೆ ಏರಿಸಿಟ್ಟರೆ ಬೇಡಿಕೆ ಬಂದಾಗಲಷ್ಟೇ ಓಡುತ್ತದೆ, ಓಡಿದಷ್ಟು ಹೊತ್ತಿಗೆ ಮಾತ್ರ ಹಣ ಕಟ್ಟಿದರಾಯಿತು ಎಂಬ ವಿವರಣೆ ಅವುಗಳಲ್ಲಿ ಸರಿಯಾಗಿಯೇ ಇರುತ್ತದೆ. ಅಮೆಜಾನ್ ಕಂಪನಿ 2014ರ ನವೆಂಬರ್‌ನಲ್ಲಿ ಲ್ಯಾಂಬ್ಡಾ ಸೇವೆಯನ್ನು ಪ್ರಕಟಿಸಿದಾಗಿನಿಂದ ಹೇಳುತ್ತಾ ಬಂದಿರುವುದೂ ಇದನ್ನೇ. ಆದರೆ ಏರಿಸಿದ ಫಂಕ್ಷನ್ ಓಡದೇ ಹೋದಾಗ, ಅಥವಾ ಇನ್ನೂ ತಲೆನೋವಿನ ರೀತಿಯಲ್ಲಿ, ಹಲವು ಸಲ ಸರಿಯಾಗಿ ಓಡಿ ಒಂದು ಸಲ ಮಾತ್ರ ಕೈಕೊಟ್ಟಾಗ ಎಲ್ಲಿ ಹುಡುಕಬೇಕೆಂಬುದನ್ನು ಈ ಲೇಖನಗಳಾಗಲಿ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಾಗಲಿ ಹೇಳಿಕೊಡುವುದು ಅಪರೂಪ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾ, ಹೊಸದಾಗಿ ಸೇರುವ ಯುವಕ ಯುವತಿಯರಿಗೆ ಅದನ್ನು ಕಲಿಸುವವರಲ್ಲಿ ಒಬ್ಬನಾಗಿ ಈ ಕೊರತೆಯ ಬಗ್ಗೆ ಬರೆಯುತ್ತಿದ್ದೇನೆ.

ನಾನು ಕಂಡಂತೆ, ಇಂಥ ಫಂಕ್ಷನ್ ಕೆಟ್ಟಾಗ ತಪ್ಪು ಬಹುಮಟ್ಟಿಗೆ ಇರುವುದು ಅದು ಬೇರೊಂದು ಸೇವೆಯನ್ನು ಮುಟ್ಟುವ ಜಾಗದಲ್ಲಿ. ಫೈಲ್ ತೆಗೆಯಲು ಅನುಮತಿ ಇರುವುದಿಲ್ಲ, ಕೊಟ್ಟ ಸಮಯ ಸಾಲುವುದಿಲ್ಲ, ಡೇಟಾಬೇಸಿನ ಬಾಗಿಲು ತೆರೆದಿರುವುದಿಲ್ಲ, ಒಮ್ಮೆ ಮಾಡಿದ ಕೆಲಸವನ್ನೇ ವ್ಯವಸ್ಥೆ ಮತ್ತೊಮ್ಮೆ ಮಾಡಿಸುತ್ತದೆ. ಹೊಸಬರು ಮಾತ್ರ ತಮ್ಮ ಕೋಡಿನ ಸಾಲುಗಳನ್ನೇ ಮತ್ತೆ ಮತ್ತೆ ತಿದ್ದುತ್ತಾ, ಮತ್ತೆ ಮತ್ತೆ ಕ್ಲೌಡ್‌ಗೆ ಏರಿಸುತ್ತಾ ದಿನ ಕಳೆಯುತ್ತಾರೆ. ಹಿಂದೆ ಆಗಿದ್ದರೆ ಸರ್ವರ್‌ಗೆ ಲಾಗಿನ್ ಆಗಿ ಒಳಗೆ ಏನಾಗಿದೆಯೆಂದು ನೋಡಬಹುದಿತ್ತು. ಇಲ್ಲಿ ಆ ಅನುಕೂಲವಿಲ್ಲ. ಉಳಿಯುವುದು ಲಾಗ್, ಅಂದರೆ ಓಟದ ದಾಖಲೆ, ಒಂದೇ.

ಆ ಲಾಗನ್ನೇ ಪೂರ್ತಿ ಓದುವ ಅಭ್ಯಾಸವಿಲ್ಲದಿರುವುದು ನನಗೆ ಸೋಜಿಗ ತರುತ್ತದೆ. ಲ್ಯಾಂಬ್ಡಾ ಫಂಕ್ಷನ್ ಒಂದೊಂದು ಸಲ ಓಡಿ ಮುಗಿದಾಗಲೂ ಅಮೆಜಾನ್‌ನ ದಾಖಲೆ ಸೇವೆಯಾದ ಕ್ಲೌಡ್‌ವಾಚ್ ಲಾಗ್‌ನಲ್ಲಿ 'ರಿಪೋರ್ಟ್' ಎಂದು ಆರಂಭವಾಗುವ ಸಾಲೊಂದು ಬೀಳುತ್ತದೆ. ಎಷ್ಟು ಮಿಲಿಸೆಕೆಂಡು ಓಡಿತು, ಎಷ್ಟಕ್ಕೆ ಬಿಲ್ ಆಯಿತು, ಎಷ್ಟು ಮೆಮೊರಿ ಕೊಟ್ಟಿತ್ತು, ಗರಿಷ್ಠ ಎಷ್ಟು ಬಳಕೆಯಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಓಡಿದ ಅವಧಿ 3000 ಮಿಲಿಸೆಕೆಂಡಿಗೆ ಸರಿಯಾಗಿ ಬಂದು ನಿಂತಿದ್ದರೆ ಕೋಡನ್ನು ಅನುಮಾನಿಸುವ ಮೊದಲು ಟೈಮ್‌ಔಟ್ ನೋಡಬೇಕು, ಏಕೆಂದರೆ ನಾವಾಗಿ ಬದಲಿಸದ ಹೊರತು ಲ್ಯಾಂಬ್ಡಾ ಕೊಡುವ ಸಮಯ 3 ಸೆಕೆಂಡು ಮಾತ್ರ. ಬಳಕೆಯಾದ ಮೆಮೊರಿಯೂ ಕೊಟ್ಟ ಮೆಮೊರಿಯೂ ಒಂದೇ ಅಂಕಿ ತೋರಿಸುತ್ತಿದ್ದರೆ ಪ್ರೋಗ್ರಾಮನ್ನು ವ್ಯವಸ್ಥೆಯೇ ಕೊಂದಿರುವ ಸಾಧ್ಯತೆ ಹೆಚ್ಚು. ಲಾಗೇ ಇಲ್ಲದಿದ್ದರೆ ಒಂದೋ ಫಂಕ್ಷನ್ ಓಡಿಯೇ ಇಲ್ಲ, ಇಲ್ಲವೇ ಅದಕ್ಕೆ ಲಾಗ್ ಬರೆಯುವ ಅನುಮತಿಯೇ ಇಲ್ಲ. ಎರಡೂ ಬೇರೆ ಬೇರೆ ದಾರಿಯ ಹುಡುಕಾಟಗಳು.

ಅನುಮತಿಯ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಕೆಲಸ ಮಾಡುವವರಿಗೆಂದೇ ಕಾದಿರುವ ಗುಂಡಿಯೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಗರಿಕರು ಅಪ್‌ಲೋಡ್ ಮಾಡುವ ಅರ್ಜಿಗಳು ಎಸ್3 ಎಂಬ ಸಂಗ್ರಹಕ್ಕೆ ಬಂದು ಬೀಳುತ್ತವೆ, ಬಿದ್ದ ಕೂಡಲೇ ಫಂಕ್ಷನ್ ಎಚ್ಚರಗೊಂಡು ಆ ಫೈಲನ್ನು ಓದುತ್ತದೆ ಎಂದಿಟ್ಟುಕೊಳ್ಳಿ. ಖಾಲಿ ಜಾಗವಿಲ್ಲದ ಇಂಗ್ಲಿಷ್ ಹೆಸರಿನ ಫೈಲ್‌ಗಳೆಲ್ಲ ಸಲೀಸಾಗಿ ಸಾಗುತ್ತವೆ. 'ಹೊಸ ಅರ್ಜಿ' ಎಂಬ ಹೆಸರಿನ ಫೈಲ್ ಬಂದಾಗ ಮಾತ್ರ 'ಆಕ್ಸೆಸ್ ಡಿನೈಡ್' ಎಂಬ ಉತ್ತರ ಬರುತ್ತದೆ. ಎಸ್3 ತನ್ನ ಸೂಚನೆಯಲ್ಲಿ ಫೈಲಿನ ಹೆಸರನ್ನು ಇದ್ದಂತೆ ಕಳಿಸುವುದಿಲ್ಲ. ವೆಬ್ ವಿಳಾಸಗಳಲ್ಲಿ ಮಾಡುವಂತೆ ಸಂಕೇತಕ್ಕೆ ಇಳಿಸಿ ಕಳಿಸುತ್ತದೆ. ಖಾಲಿ ಜಾಗ ಕೂಡಿಸುವ ಚಿಹ್ನೆಯಾಗುತ್ತದೆ. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತ ಮೂರು ಬೈಟ್‌ಗಳಾಗಿ, ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರಗಳಾಗಿ ಹಿಗ್ಗುತ್ತದೆ. ಅಕಾರ, ರಕಾರ, ಹಲಂತ ಚಿಹ್ನೆ, ಜಕಾರ ಮತ್ತು ಗುಡಿಸು ಸೇರಿ ಐದು ಸಂಕೇತಗಳಿರುವ 'ಅರ್ಜಿ' 45 ಅಕ್ಷರಗಳ ಸಾಲಾಗಿ ಬಂದು ನಿಲ್ಲುತ್ತದೆ. ಅದನ್ನು ಬಿಡಿಸಿಕೊಳ್ಳದೆ ಅದೇ ಹೆಸರಿನಲ್ಲಿ ಫೈಲ್ ಕೇಳಿದರೆ ಅಂಥ ಫೈಲ್ ಅಲ್ಲಿ ಇರುವುದೇ ಇಲ್ಲ.

ಹಾಗಾದರೆ 'ಫೈಲ್ ಇಲ್ಲ' ಎನ್ನುವ ಬದಲು 'ಅನುಮತಿ ಇಲ್ಲ' ಎಂದೇಕೆ ಉತ್ತರ ಬಂತು? ಸಂಗ್ರಹದ ಪಟ್ಟಿಯನ್ನು ನೋಡುವ ಅನುಮತಿ ಫಂಕ್ಷನ್‌ನ ರೋಲ್‌ಗೆ, ಅಂದರೆ ಅದಕ್ಕೆ ಕೊಟ್ಟ ಅನುಮತಿಗಳ ಗುಂಪಿಗೆ, ಇಲ್ಲದಿದ್ದರೆ, ಫೈಲ್ ಇದೆಯೋ ಇಲ್ಲವೋ ಎಂಬುದನ್ನೂ ಎಸ್3 ಬಿಟ್ಟುಕೊಡುವುದಿಲ್ಲ. 'ಇಲ್ಲ' ಎನ್ನುವ 404 ಕೊಡಬೇಕಾದ ಕಡೆ 'ಅನುಮತಿ ಇಲ್ಲ' ಎನ್ನುವ 403 ಕೊಡುತ್ತದೆ. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ನಡೆಯೇ. ಆದರೆ ಇದನ್ನು ತಿಳಿಯದವರು ಅನುಮತಿಗಳನ್ನು ನಿಭಾಯಿಸುವ ಐಎಎಂ ಪುಟದಲ್ಲಿ ಅನುಮತಿಗಳನ್ನು ಒಂದೊಂದಾಗಿ ಸಡಿಲಿಸುತ್ತಾ, ಕೊನೆಗೆ ಬೇಸತ್ತು ಎಲ್ಲಕ್ಕೂ ಎಲ್ಲ ಅನುಮತಿಯನ್ನೂ ಕೊಟ್ಟುಬಿಡುತ್ತಾರೆ. ಫಂಕ್ಷನ್ ಆಗಲೂ ಓಡುವುದಿಲ್ಲ, ಬೀಗ ಮಾತ್ರ ತೆರೆದೇ ಉಳಿಯುತ್ತದೆ. ಪೈಥಾನ್‌ನಲ್ಲಿ 'ಅನ್‌ಕೋಟ್ ಪ್ಲಸ್' ಎಂಬ ಒಂದೇ ಒಂದು ಕರೆ ಈ ಹೆಸರನ್ನು ಮೊದಲಿನ ರೂಪಕ್ಕೆ ತರುತ್ತದೆ. ಪರೀಕ್ಷೆಗೆಂದು ನಾವು ಬಳಸುವ ಫೈಲ್‌ಗಳಿಗೆ ಕನ್ನಡದ ಹೆಸರಿಡುವ ರೂಢಿ ಇದ್ದಿದ್ದರೆ ಈ ತೊಂದರೆ ಬಳಕೆದಾರರವರೆಗೆ ಹೋಗುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಪ್ರಮಾಣಪತ್ರವನ್ನೋ ರಸೀದಿಯನ್ನೋ ಪಿಡಿಎಫ್ ಮಾಡಿ ಕೊಡುವ ಫಂಕ್ಷನ್‌ಗಳಲ್ಲಿ ಇದರ ಸೋದರ ಸಮಸ್ಯೆಯೊಂದಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬಂದ ಪುಟ ಕ್ಲೌಡಿನಲ್ಲಿ ಬರೀ ಚೌಕಗಳಾಗಿ ಬರುತ್ತದೆ. ಫಂಕ್ಷನ್ ಓಡುವ ಪುಟ್ಟ ಲಿನಕ್ಸ್ ಪರಿಸರದಲ್ಲಿ ಕನ್ನಡ ಫಾಂಟ್ ಇರುವುದಿಲ್ಲವಾದ್ದರಿಂದ ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಕೋಡಿನ ಜೊತೆಗೇ ಕಟ್ಟಿ ಕಳಿಸಬೇಕು. ಫಾಂಟ್ ಕಳಿಸಿಯೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಮುದ್ರಣವಾದರೆ, ಬಳಸಿದ ಪಿಡಿಎಫ್ ಲೈಬ್ರರಿಗೆ ಅಕ್ಷರ ಜೋಡಣೆ ಬರುವುದಿಲ್ಲವೆಂದು ತಿಳಿಯಬೇಕು. ಎರಡೂ ಸಂದರ್ಭಗಳಲ್ಲಿ ಲಾಗ್‌ನಲ್ಲಿ ಯಾವ ದೋಷವೂ ಕಾಣಿಸುವುದಿಲ್ಲ. ಫಂಕ್ಷನ್ ಯಶಸ್ವಿಯಾಗಿಯೇ ಮುಗಿದಿರುತ್ತದೆ.

ಕಟ್ಟಿ ಕಳಿಸುವ ಹಂತದ ತಪ್ಪುಗಳನ್ನು ಇಲ್ಲಿ ಬೇಗ ಹೇಳಿ ಮುಗಿಸಬಹುದು. ವಿಂಡೋಸ್ ಅಥವಾ ಮ್ಯಾಕ್ ಯಂತ್ರದಲ್ಲಿ ಇನ್‌ಸ್ಟಾಲ್ ಆದ ಲೈಬ್ರರಿಯನ್ನು ಹಾಗೆಯೇ ಜಿಪ್ ಮಾಡಿ ಏರಿಸಿದರೆ 'ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್' ಎಂಬ ಸಂದೇಶ ಬರಬಹುದು. ಯಂತ್ರದೊಳಗೇ ಪ್ರತ್ಯೇಕ ಲಿನಕ್ಸ್ ಪರಿಸರ ಕೊಡುವ ಡಾಕರ್ ಒಳಗೆ ಲಿನಕ್ಸ್‌ಗಾಗಿ ಕಟ್ಟಿಕೊಂಡರೆ ಸರಿಹೋಗುತ್ತದೆ. ಫೋಲ್ಡರ್‌ನೊಳಗಿನ ಫೈಲ್‌ಗಳನ್ನು ಜಿಪ್ ಮಾಡುವ ಬದಲು ಫೋಲ್ಡರನ್ನೇ ಜಿಪ್ ಮಾಡಿದರೆ ಮಾಡ್ಯೂಲ್ ಸಿಗುತ್ತಿಲ್ಲವೆಂಬ ದೂರು ಬರುತ್ತದೆ. ಜಿಪ್ ಬಿಚ್ಚಿದಾಗ ಒಟ್ಟು ಗಾತ್ರ 250 ಎಂಬಿ ದಾಟಿದರೆ ಲ್ಯಾಂಬ್ಡಾ ಒಪ್ಪುವುದೇ ಇಲ್ಲ, ಆಗ ಕೋಡನ್ನು ಅದರ ಪರಿಸರದ ಸಮೇತ ಕಟ್ಟುವ ಕಂಟೇನರ್ ಇಮೇಜ್ ದಾರಿ ಹಿಡಿಯಬೇಕು. ಫಂಕ್ಷನ್ ಅಮೆಜಾನ್‌ನ ಮುಂಬೈ ಕೇಂದ್ರದಲ್ಲಿ, ಅದು ಹುಡುಕುವ ಡೇಟಾ ಟೇಬಲ್ ಗಮನಕ್ಕೆ ಬಾರದೆ ವರ್ಜೀನಿಯಾ ಕೇಂದ್ರದಲ್ಲಿ ಇರುವ ಪ್ರಸಂಗವೂ ಕಡಿಮೆಯಿಲ್ಲ. ಸೇವೆಗಳನ್ನು ನಿಭಾಯಿಸುವ ವೆಬ್ ಪುಟವಾದ ಕನ್ಸೋಲಿನ ಬಲ ಮೇಲ್ತುದಿಯಲ್ಲಿ ಯಾವ ಊರಿನ ಹೆಸರಿದೆಯೆಂದು ನೋಡಿದರೆ ಸಾಕು.

ಸಮಯದ ವಿಷಯ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಲ್ಯಾಂಬ್ಡಾ ಫಂಕ್ಷನ್ ಒಂದು ಗರಿಷ್ಠ 15 ನಿಮಿಷ ಓಡಬಲ್ಲದು ಎಂದು ಓದಿಕೊಂಡವರು ಅಷ್ಟೂ ಸಮಯ ತಮಗಿದೆ ಎಂದುಕೊಳ್ಳುತ್ತಾರೆ. ಆದರೆ ಅದರ ಮುಂದೆ ನಿಂತು ವೆಬ್ ಬೇಡಿಕೆಗಳನ್ನು ಅದಕ್ಕೆ ದಾಟಿಸುವ ಎಪಿಐ ಗೇಟ್‌ವೇ ಸಾಮಾನ್ಯವಾಗಿ 29 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಬಳಕೆದಾರರಿಗೆ ಸಮಯ ಮೀರಿತೆನ್ನುವ 504 ದೋಷ ತೋರಿಸಿ ಕೈತೊಳೆದುಕೊಳ್ಳುತ್ತದೆ. ಹಿಂದೆ ಫಂಕ್ಷನ್ ಮಾತ್ರ ಇನ್ನೂ ಓಡುತ್ತಲೇ ಇರುತ್ತದೆ. ಪರದೆಯಲ್ಲಿ ದೋಷ ಕಂಡವರು ಮತ್ತೊಮ್ಮೆ ಗುಂಡಿ ಒತ್ತುತ್ತಾರೆ, ಮೊದಲ ಅರ್ಜಿಯೂ ಎರಡನೆಯ ಅರ್ಜಿಯೂ ದಾಖಲಾಗುತ್ತವೆ. ದೊಡ್ಡ ಕೆಲಸವಿದ್ದರೆ ಅರ್ಜಿಯನ್ನು ಸರತಿಗೆ ಹಾಕಿ, ಕೂಡಲೇ ಒಂದು ಸಂಖ್ಯೆ ಕೊಟ್ಟು ಕಳಿಸಿ, ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವುದೇ ಸರಿಯಾದ ಕ್ರಮ. ಟೈಮ್‌ಔಟ್ ಹಿಗ್ಗಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ. ಓಟವೇ ನಿಧಾನವೆನಿಸಿದರೆ ಮೆಮೊರಿ ಹೆಚ್ಚಿಸಿ ನೋಡಬೇಕೆಂಬ ಸಲಹೆ ಹೊಸಬರಿಗೆ ವಿಚಿತ್ರವೆನಿಸುತ್ತದೆ, ಆದರೆ ಲ್ಯಾಂಬ್ಡಾದಲ್ಲಿ ಸಿಪಿಯು ಪಾಲು ಮೆಮೊರಿಗೆ ತಕ್ಕಂತೆ ಸಿಗುತ್ತದೆ. ಆರಂಭದ 128 ಎಂಬಿಯಲ್ಲೇ ಬಿಟ್ಟ ಫಂಕ್ಷನ್ ತೆವಳುವುದು ಸಹಜ. 1,769 ಎಂಬಿ ಕೊಟ್ಟಾಗ ಮಾತ್ರ ಪೂರ್ತಿ ಒಂದು ಸಿಪಿಯುಗೆ ಸಮನಾದ ಬಲ ಬರುತ್ತದೆ. ಬೇಗ ಮುಗಿಯುವುದರಿಂದ ಬಿಲ್ ಕೆಲವೊಮ್ಮೆ ಹೆಚ್ಚುವುದೂ ಇಲ್ಲ.

ಹಿನ್ನೆಲೆಯಲ್ಲಿ ಓಡುವ ಫಂಕ್ಷನ್ ಸೋತರೆ ಲ್ಯಾಂಬ್ಡಾ ತಾನಾಗಿಯೇ ಇನ್ನೆರಡು ಸಲ ಪ್ರಯತ್ನಿಸುತ್ತದೆ. ಪೋಷಕರಿಗೆ ಶುಲ್ಕದ ಎಸ್ಎಂಎಸ್ ಕಳಿಸಿ, ನಂತರ ಡೇಟಾಬೇಸಿನಲ್ಲಿ ಬರೆದುಕೊಳ್ಳುವ ಹೊತ್ತಿಗೆ ಸೋಲುವ ಫಂಕ್ಷನ್ ಇದ್ದರೆ ಒಂದೇ ಮನೆಗೆ ಮೂರು ಸಂದೇಶ ಹೋಗುತ್ತದೆ. ಎಸ್ಎಂಎಸ್ ಆದರೆ ಬೈಗುಳದಲ್ಲಿ ಮುಗಿದೀತು. ಹಣ ಕಡಿತವಾಗುವ ಜಾಗದಲ್ಲಿ ಹೀಗಾದರೆ ಯಾರೂ ಕ್ಷಮಿಸುವುದಿಲ್ಲ. ಪ್ರತಿ ಕೆಲಸಕ್ಕೂ ಒಂದು ವಿಶಿಷ್ಟ ಸಂಖ್ಯೆ ಇಟ್ಟು, ಆ ಸಂಖ್ಯೆ ಈಗಾಗಲೇ ದಾಖಲಾಗಿದ್ದರೆ ಮುಂದುವರಿಯದಂತೆ ತಡೆಯುವ ಕೋಡ್ ಬರೆಯದೆ ಇಂಥ ಫಂಕ್ಷನನ್ನು ಬಿಡುಗಡೆ ಮಾಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೂರೂ ಸಲ ಸೋತ ಕೆಲಸ ಕಳೆದುಹೋಗದಂತೆ ಪಕ್ಕದ ಸರತಿಯೊಂದಕ್ಕೆ ಬೀಳಿಸುವ ಏರ್ಪಾಡನ್ನೂ ಮೊದಲ ದಿನವೇ ಮಾಡಿಡಬೇಕು.

ಇದಕ್ಕಿಂತ ದುಬಾರಿಯಾದದ್ದು ಸುತ್ತು ಬೀಳುವುದು. ಫೋಟೋ ಬಂದು ಬಿದ್ದೊಡನೆ ಚಿಕ್ಕದು ಮಾಡಿ ಅದೇ ಸಂಗ್ರಹಕ್ಕೆ ಮತ್ತೆ ಬರೆಯುವ ಫಂಕ್ಷನ್ ಇದ್ದರೆ, ಬರೆದ ಫೈಲೇ ಹೊಸ ಫೈಲೆಂದು ಅದನ್ನು ಮತ್ತೆ ಎಬ್ಬಿಸುತ್ತದೆ. ತನ್ನ ಬಾಲವನ್ನೇ ಅಟ್ಟುವ ನಾಯಿಯಂತೆ ಅದು ರಾತ್ರಿಯಿಡೀ ತಿರುಗುತ್ತದೆ, ಬಿಲ್ ಬೆಳೆಯುತ್ತದೆ. ಇಂಥ ಕೆಲವು ಸುತ್ತುಗಳನ್ನು ತಾನಾಗಿ ಗುರುತಿಸಿ ನಿಲ್ಲಿಸುವ ವ್ಯವಸ್ಥೆಯನ್ನು ಅಮೆಜಾನ್ 2023ರಿಂದೀಚೆಗೆ ತಂದಿದೆ. ಆದರೂ ಅದನ್ನೇ ನಂಬಿ ಕೂರದೆ ಓದುವ ಮತ್ತು ಬರೆಯುವ ಸಂಗ್ರಹಗಳನ್ನು ಬೇರೆ ಮಾಡುವುದು ಲೇಸು. ಸುತ್ತು ಕಣ್ಣಿಗೆ ಬಿದ್ದ ಕೂಡಲೇ ಕೋಡ್ ತಿದ್ದಲು ಕೂರುವ ಬದಲು ಆ ಫಂಕ್ಷನ್‌ಗೆ ಮೀಸಲಿಟ್ಟ ಕನ್‌ಕರೆನ್ಸಿಯನ್ನು, ಅಂದರೆ ಏಕಕಾಲಕ್ಕೆ ಎಷ್ಟು ಓಡಬಹುದೆಂಬ ಮಿತಿಯನ್ನು, ಸೊನ್ನೆಗೆ ಇಳಿಸಿದರೆ ಅದು ಓಡುವುದನ್ನೇ ನಿಲ್ಲಿಸುತ್ತದೆ, ಕಾರಣ ಹುಡುಕಲು ಆಗ ಸಮಯ ಸಿಗುತ್ತದೆ. ಬಿಲ್ ಇಂತಿಷ್ಟು ದಾಟಿದರೆ ಮಿಂಚಂಚೆ ಬರುವಂತೆ ಬಜೆಟ್ ಎಚ್ಚರಿಕೆಯನ್ನು ಮೊದಲೇ ಹಾಕಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಗಡಿಯಾರದ ತಪ್ಪೂ ಒಂದಿದೆ. ಫಂಕ್ಷನ್ ಓಡುವ ಪರಿಸರದ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯದಲ್ಲಿರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 6ಕ್ಕೆಂದು ಕ್ರಾನ್ ಎಂಬ ವೇಳಾಪಟ್ಟಿಯಲ್ಲಿ ಬರೆದ ಕೆಲಸ ಇಲ್ಲಿ 11:30ಕ್ಕೆ ಓಡುತ್ತದೆ. ಅದು ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ದಿನಾಂಕದ ದೋಷ: ನಸುಕಿನ 5 ಗಂಟೆಗೆ ಓಡಿ ಆ ದಿನದ ದಾಖಲೆ ಬರೆಯುವ ಫಂಕ್ಷನ್ ನಿನ್ನೆಯ ದಿನಾಂಕವನ್ನು ಹಾಕಿಬಿಟ್ಟಿರುತ್ತದೆ, ತಿಂಗಳ ಕೊನೆಯ ಲೆಕ್ಕದಲ್ಲಷ್ಟೇ ಅದು ಹೊರಬೀಳುತ್ತದೆ.

ಇವನ್ನೆಲ್ಲ ನಾಲ್ಕು ಗೋಡೆಗಳ ನಡುವೆ ಕಲಿಸುವುದು ಕಷ್ಟವೇನಲ್ಲ. ಅಂತಿಮ ವರ್ಷದ ಲ್ಯಾಬ್‌ನಲ್ಲಿ 'ಹಲೋ ವರ್ಲ್ಡ್' ಏರಿಸಿ ತೋರಿಸಿದವರಿಗೆ ಅಂಕ ಕೊಡುವುದರ ಜೊತೆಗೆ, ಬೇಕೆಂದೇ ಕೆಡಿಸಿಟ್ಟ ಫಂಕ್ಷನ್ ಒಂದನ್ನೂ ಅದರ ಲಾಗನ್ನೂ ಕೊಟ್ಟು, ಕೋಡ್ ಮುಟ್ಟದೆ ಕಾರಣ ಬರೆಯಿರಿ ಎಂದು ಕೇಳುವ ಪ್ರಶ್ನೆಯಿರಲಿ. ಖರ್ಚಿನ ನೆಪವೂ ಇಲ್ಲಿ ನಿಲ್ಲುವುದಿಲ್ಲ. ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ಕರೆಗಳವರೆಗೆ ಉಚಿತ ಮಿತಿ ಇದೆ, ಒಂದು ತರಗತಿಗೆ ಅದು ಧಾರಾಳ. ಖಾತೆ ತೆರೆಯಲು ವಿದ್ಯಾರ್ಥಿಗಳ ಬಳಿ ಕಾರ್ಡ್ ಇಲ್ಲವೆಂಬುದು ಮಾತ್ರ ನಿಜವಾದ ಅಡ್ಡಿ. ಅದಕ್ಕೆ ಕಾಲೇಜೇ ಒಂದು ಖಾತೆ ತೆರೆದು ಎಲ್ಲರಿಗೂ ಮಿತವಾದ ರೋಲ್ ಕೊಡಬಹುದು. ಅದೂ ಆಗದಿದ್ದರೆ ಸ್ಯಾಮ್ ಎಂಬ ಉಪಕರಣದಿಂದ ಡಾಕರ್ ಇರುವ ಯಾವುದೇ ಲ್ಯಾಬ್ ಯಂತ್ರದಲ್ಲಿ ಫಂಕ್ಷನ್ ಓಡಿಸಿ ನೋಡಬಹುದು, ಆದರೆ ಅನುಮತಿಯ ತೊಂದರೆಗಳು ಅಲ್ಲಿ ಕಾಣಸಿಗುವುದಿಲ್ಲ. ತಮ್ಮ ತಂತ್ರಜ್ಞಾನ ಪುಟವೂ ಹೊಸ ಸೇವೆಗಳ ಪರಿಚಯದ ನಡುವೆ ತಿಂಗಳಿಗೊಮ್ಮೆಯಾದರೂ ಇಂಥ ಒಂದು ದೋಷವನ್ನು ಎತ್ತಿಕೊಂಡು, ಲಾಗ್‌ನ ಸಾಲಿನಿಂದ ಕಾರಣದವರೆಗಿನ ದಾರಿಯನ್ನು ಕನ್ನಡದಲ್ಲಿ ಬಿಡಿಸಿ ಬರೆಸಬೇಕೆಂದು ವಿನಂತಿಸುತ್ತೇನೆ. ಬರೆಯಬಲ್ಲ ಎಂಜಿನಿಯರುಗಳು ತಮ್ಮ ಓದುಗರಲ್ಲೇ ಸಾಕಷ್ಟು ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಕ್ಲೌಡ್ ಎಂಜಿನಿಯರ್, ಬೆಂಗಳೂರು