ನೋಡದೆಯೇ ‘ನೋಡಿದ್ದೇವೆ’ ಎಂದು ಬರೆದ ವರದಿ: ಮೊದಲ ದೋಣಿ ಕೊಂಡವರ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ

ವಿಷಯ: ನಿಮ್ಮಲ್ಲಿ ಕೊಂಡ 17 ಅಡಿಯ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ಮತ್ತು ಅದರ ತಪಾಸಣಾ ವರದಿಯ ಬಗ್ಗೆ ದೂರು

ಮಾನ್ಯರೇ,

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದೋಣಿ ಹಳೆಯದು ಎಂದು ನಾನು ದೂರುತ್ತಿಲ್ಲ. 16 ವರ್ಷದ ದೋಣಿ ಎಂದು ಗೊತ್ತಿದ್ದೇ ಕೊಂಡೆವು. ಸೀಟಿನ ಹೊಲಿಗೆ ಬಿಟ್ಟಿದೆ, ಪೇಂಟು ಮಾಸಿದೆ, ಮುಂದಿನ ದೀಪ ಒಂದೊಂದು ಸಲ ಹತ್ತುವುದಿಲ್ಲ. ಇದ್ಯಾವುದಕ್ಕೂ ನಾನು ನಿಮಗೆ ಫೋನ್ ಕೂಡ ಮಾಡಿಲ್ಲ. ನನ್ನ ದೂರು ಇರುವುದು ನೀವು ಬೇರೆ ದುಡ್ಡು ತಗೊಂಡು ಕೊಟ್ಟ ಎರಡು ಪುಟದ ತಪಾಸಣಾ ವರದಿಯ ಮೇಲೆ.

ನಮ್ಮದು ಐದು ಜನರ ಮನೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ರಜೆಯ ದಿನ ಎಲ್ಲರೂ ಒಟ್ಟಿಗೆ ನೀರಿನ ಮೇಲೆ ಹೋಗಿ ಬರಬೇಕು ಅನ್ನೋದು ಬಹಳ ದಿನದ ಆಸೆ. ಹೊಸ ದೋಣಿ ಕೈಗೆಟುಕುವ ಮಾತಲ್ಲ. ಹಾಗಾಗಿ ಕೂಡಿಟ್ಟ ದುಡ್ಡನ್ನು ಐದು ಭಾಗ ಮಾಡಿ, ನಾಲ್ಕು ಭಾಗದಲ್ಲಿ ದೋಣಿ ಕೊಳ್ಳೋಣ, ಐದನೆಯದನ್ನು ಮೊದಲ ವರ್ಷದ ರಿಪೇರಿಗೆ ಇಟ್ಟುಕೊಳ್ಳೋಣ ಎಂದುಕೊಂಡಿದ್ದೆವು. ದೋಣಿ ನೋಡಿ ಬಲ್ಲವರೊಬ್ಬರನ್ನು ಕರೆತಂದು ತೋರಿಸುವ ಖರ್ಚೂ ಅದರಲ್ಲೇ ಸೇರಿತ್ತು. ಇದನ್ನು ನಿಮ್ಮ ಮಾರಾಟದವರಿಗೆ ಮೊದಲ ದಿನವೇ ಹೇಳಿದ್ದೆ.

ಅವರು ಏನಂದರು ಗೊತ್ತಾ? “ಹೊರಗಿನವರನ್ನ ಯಾಕೆ ಕರೀತೀರಾ ಸರ್, ಸುಮ್ನೆ ದುಡ್ಡು ದಂಡ. ನಮ್ಮವರೇ ಪೂರ್ತಿ ಚೆಕ್ ಮಾಡಿ ವರದಿ ಕೊಡ್ತಾರೆ. ಆ ರಿಪೇರಿ ದುಡ್ಡನ್ನೂ ಇದಕ್ಕೇ ಹಾಕಿ, ಸ್ವಲ್ಪ ದೊಡ್ಡ ದೋಣೀನೇ ಬರುತ್ತೆ.” ನಾನು ಹಾಗೇ ಮಾಡಿದೆ. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಹಾಗೆ ಮಾಡಿದ್ದು ನಿಮ್ಮ ವರದಿಯನ್ನು ನಂಬಿ.

ನಾವು ನೋಡಲು ಬಂದ ದಿನ ಎಂಜಿನ್ ಮುಚ್ಚಳದ ಮೇಲೆ ಕೈಯಿಟ್ಟರೆ ಆಗಲೇ ಬೆಚ್ಚಗಿತ್ತು. “ನೀವು ಬರ್ತೀರಾ ಅಂತ ಈಗಷ್ಟೇ ಸ್ಟಾರ್ಟ್ ಮಾಡಿ ನೋಡಿದ್ವಿ” ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ. ಬಿಸಿಯಾದ ಎಂಜಿನ್ ಸಾಮಾನ್ಯವಾಗಿ ಸುಲಭವಾಗಿ ಏಳುತ್ತದೆ, ಸ್ಟಾರ್ಟ್ ಆಗುವ ತೊಂದರೆ ಹೆಚ್ಚಾಗಿ ಗೊತ್ತಾಗುವುದು ತಣ್ಣಗಿದ್ದಾಗ ಎಂದು ಆಮೇಲೆ ಕಲಿತೆ. ನೀರಿಗಿಳಿಸಿ ತೋರಿಸಿ ಎಂದರೆ, ಇವತ್ತು ಇಳಿಸುವ ಜಾಗ ಖಾಲಿ ಇಲ್ಲ ಎಂದರು. ಎಂಜಿನ್ನಿನ ಕಾಲಿಗೆ ಎರಡು ರಬ್ಬರ್ ಕಪ್ ಸಿಕ್ಕಿಸಿ, ಪೈಪಿನಲ್ಲಿ ನೀರು ಬಿಟ್ಟು, ಅಂಗಳದಲ್ಲೇ ಐದು ನಿಮಿಷ ಓಡಿಸಿದರು. ಹಿಂದಿನಿಂದ ಒಂದು ಸಣ್ಣ ಧಾರೆ ಚಿಮ್ಮುತ್ತಿತ್ತು. ಅದು ಎಂಜಿನ್ನನ್ನು ತಂಪು ಮಾಡಿ ಹೊರಬರುವ ನೀರು. ನಿಮ್ಮವರು ನನ್ನ ಎಂಟು ವರ್ಷದ ಮಗಳಿಗೆ ಅದನ್ನು ತೋರಿಸಿ, “ಎಂಜಿನ್ ಸುಸ್ಸು ಮಾಡ್ತಾ ಇದ್ರೆ ಆರೋಗ್ಯವಾಗಿದೆ ಅಂತ ಅರ್ಥ ಪುಟ್ಟಿ” ಎಂದರು. ಅವಳು ನಕ್ಕಿದ್ದೇ ನಕ್ಕಿದ್ದು.

ಮೊದಲ ಸಲ ನೀರಿಗಿಳಿದ ದಿನ ದಡ ಬಿಟ್ಟು ನಲವತ್ತು ನಿಮಿಷ ಆಗಿರಬಹುದು. ಮಗಳೇ ಹಿಂದೆ ಬಗ್ಗಿ ನೋಡಿ, “ಅಪ್ಪಾ, ಎಂಜಿನ್ ಸುಸ್ಸು ನಿಲ್ಲಿಸಿದೆ” ಎಂದಳು. ನಾನು ತಿರುಗಿ ನೋಡುವಷ್ಟರಲ್ಲಿ ಅಲಾರಂ ಕೂಗಿಕೊಂಡಿತು. ಎಂಜಿನ್ ಆರಿಸಿದೆ. ಸುಟ್ಟ ರಬ್ಬರಿನ ವಾಸನೆ. ಇದ್ದದ್ದು ಒಂದೇ ಹುಟ್ಟು. ಗಾಳಿ ನಮ್ಮನ್ನು ಆಚೆಗೇ ತಳ್ಳುತ್ತಿತ್ತು. ಒಂದೂವರೆ ಗಂಟೆ ಆದಮೇಲೆ ಮೀನು ಹಿಡಿಯುವವರ ದೋಣಿಯೊಂದು ಹಗ್ಗ ಎಸೆದು ದಡಕ್ಕೆ ಎಳೆದು ತಂದಿತು. ಅಮ್ಮ ಅಷ್ಟು ಹೊತ್ತೂ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು.

ನೀವು ಉಚಿತವಾಗಿ ಕೊಟ್ಟ ಲೈಫ್ ಜಾಕೆಟ್‌ಗಳ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಐದೂ ದೊಡ್ಡವರ ಅಳತೆಯವು. ಎಂಟು ವರ್ಷದ ಮಗು ಅದನ್ನು ಹಾಕಿಕೊಂಡು ನೀರಿಗೆ ಬಿದ್ದರೆ ಜಾಕೆಟ್ ಮೇಲಕ್ಕೆ ಜಾರುತ್ತದೆ, ಮಗು ಕೆಳಕ್ಕೆ. ಮಕ್ಕಳಿಗೆ ನಾನೇ ಬೇರೆ ತಂದಿದ್ದೆ, ಬಚಾವ್. ಆದರೆ “ಇಡೀ ಕುಟುಂಬಕ್ಕೆ ಸಾಕಾಗುವಷ್ಟು” ಎಂದು ಬರೆದುಕೊಟ್ಟವರು ನೀವು.

ಮಾರನೇ ದಿನ ಮೆಕ್ಯಾನಿಕ್ ಬಂದರು. ವಯಸ್ಸಾದವರು, ಮಾತು ಕಮ್ಮಿ. ನಿಮ್ಮ ವರದಿಯನ್ನು ಅವರ ಕೈಗೆ ಕೊಟ್ಟೆ. “ವಾಟರ್ ಪಂಪ್ ತೆರೆದು ಪರೀಕ್ಷಿಸಲಾಗಿದೆ: ಉತ್ತಮ” ಎಂಬ ಸಾಲನ್ನು ಓದಿ, ಎಂಜಿನ್ನಿನ ಕೆಳಭಾಗದ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನನ್ನೂ ಕೂರಲು ಹೇಳಿದರು. ಎಂಜಿನ್ನನ್ನು ತಂಪು ಮಾಡುವ ನೀರನ್ನು ಎಳೆದುಕೊಡುವ ಆ ಪಂಪನ್ನು ನೋಡಬೇಕಾದರೆ ಗೇರ್ ಇರುವ ಕೆಳಭಾಗವನ್ನು ಬೋಲ್ಟ್ ಬಿಚ್ಚಿ ಕೆಳಗಿಳಿಸಲೇಬೇಕು, ಬೇರೆ ದಾರಿ ಇಲ್ಲ. ಆ ಬೋಲ್ಟ್‌ಗಳ ತಲೆಯ ಮೇಲೆ ಹಳೆಯ ಪೇಂಟಿನ ಪದರ ಹಾಗೇ ಇತ್ತು. ಒಂದು ಕಡೆಯೂ ಬಿರುಕಿಲ್ಲ, ಸ್ಪ್ಯಾನರ್ ತಾಗಿದ ಗೀರಿಲ್ಲ. ಬೋಲ್ಟು, ಅದರ ಸುತ್ತಲಿನ ಲೋಹ ಎರಡನ್ನೂ ಸೇರಿಸಿ ಪೇಂಟು ಸೀಲ್ ಒತ್ತಿದ ಹಾಗೆ ಕೂತಿತ್ತು. ಸ್ಪ್ಯಾನರ್ ಹಾಕಿದಾಗ ಪಟ್ ಅಂತ ಒಡೆಯಿತು. ಅದರ ಮುಂಚಿನ ಫೋಟೋ, ಆಮೇಲಿನ ಫೋಟೋ ಎರಡೂ ಈ ಪತ್ರದ ಜೊತೆ ಇವೆ.

ಒಳಗಿದ್ದ ಇಂಪೆಲ್ಲರ್ ಅನ್ನುವ ರಬ್ಬರ್ ಚಕ್ರಕ್ಕೆ ಆರು ರೆಕ್ಕೆ ಇರಬೇಕು. ಎರಡು ಇರಲೇ ಇಲ್ಲ. ಉಳಿದ ನಾಲ್ಕು ಒಂದೇ ಕಡೆಗೆ ಮಡಿಚಿ ಕಲ್ಲಿನಂತೆ ಗಟ್ಟಿಯಾಗಿದ್ದವು. ಮುರಿದ ಚೂರುಗಳು ನೀರು ಹೋಗುವ ದಾರಿಯಲ್ಲಿ ಸಿಕ್ಕಿಕೊಂಡಿದ್ದವು. ಇದು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿಬಿಡುವ ಅಗ್ಗದ ಭಾಗ. ಇದು ಕೈಕೊಟ್ಟರೆ ಎಂಜಿನ್ ಒಳಗೇ ಬೇಯುತ್ತದೆ. ಬೆಂದೂ ಇದೆ. ಮೂರು ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆದಾಗ 126, 124, 92 ಬಂತು. ಇವುಗಳ ನಡುವೆ ಶೇಕಡಾ 10ರ ಆಸುಪಾಸಿನಲ್ಲಿ ವ್ಯತ್ಯಾಸ ಇದ್ದರೆ ನಡೆಯುತ್ತದಂತೆ. ಇಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇದೆ. ನಮ್ಮ ಆ ಒಂದು ದಿನದಿಂದಲೇ ಹೀಗಾಯಿತೋ, ಮುಂಚೆಯೇ ಹೀಗಿತ್ತೋ? ನಿಮ್ಮ ವರದಿಯಲ್ಲಿ ಅಂಕಿ ಇದ್ದಿದ್ದರೆ ಗೊತ್ತಾಗುತ್ತಿತ್ತು. ಅಲ್ಲಿರುವುದು “ಕಂಪ್ರೆಷನ್: ಸರಿ” ಎಂಬ ಒಂದು ಪದ. ಅಳೆದವರು ಅಂಕಿ ಬರೆಯದೆ ಇರುತ್ತಾರಾ?

ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿತ್ತು. ಅಂದರೆ ಸೀಲ್ ಹೋಗಿ ನೀರು ಸೇರಿದೆ. ಒಂದು ಸ್ಕ್ರೂ ಸಡಿಲಿಸಿ ಎರಡು ಹನಿ ಬೆರಳಿಗೆ ತಗೊಂಡಿದ್ದರೆ ನಿಮ್ಮವರಿಗೂ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ರಿಪೇರಿ ಮಾಡಿಸಿ ಸುಮ್ಮನಾಗುತ್ತಿದ್ದೆನೋ ಏನೋ. ದೊಡ್ಡದು ಬೇರೆ ಇದೆ. ಎಂಜಿನ್ ತೂಗುಹಾಕಿರುವ ಹಿಂಬದಿಯ ಗೋಡೆ, ನೀವೆಲ್ಲ ಟ್ರಾನ್ಸಮ್ ಅನ್ನುತ್ತೀರಲ್ಲ, ಅದು. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಮೂಲೆಯಿಂದ ತಟ್ಟುತ್ತಾ ಬಂದರು. ಅಂಚಿನಲ್ಲಿ ಟಣ್ ಟಣ್ ಅನ್ನುತ್ತಿದ್ದದ್ದು ಬೋಲ್ಟುಗಳ ಹತ್ತಿರ ಬರುತ್ತಾ ದಬ್ ದಬ್ ಆಯಿತು, ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ. ಆಮೇಲೆ ಎಂಜಿನ್ನನ್ನು ಅರ್ಧ ಎತ್ತಿ ಅದರ ಕಾಲನ್ನು ಕೈಯಲ್ಲಿ ಒತ್ತುತ್ತಾ, ಗೋಡೆ ಮತ್ತು ತಳ ಸೇರುವ ಸಂದಿಯಲ್ಲಿ ನನಗೆ ಬೆರಳಿಡಲು ಹೇಳಿದರು. ಒತ್ತಿದಾಗ ಸಂದಿ ಬಿಚ್ಚುತ್ತಿತ್ತು, ಬಿಟ್ಟಾಗ ಮುಚ್ಚುತ್ತಿತ್ತು. ನನ್ನ ಉಗುರು ಒಳಗೆ ಹೋಯಿತು. ಒಳಗಡೆಯಿಂದ ಸಣ್ಣ ತೂತು ಕೊರೆದಾಗ ಡ್ರಿಲ್ ತುದಿಗೆ ಬಂದದ್ದು ಒಣ ಹೊಟ್ಟಲ್ಲ. ಕಪ್ಪಗಿನ ಒದ್ದೆ ಮುದ್ದೆ. ಹಿಂಡಿದರೆ ಕಂದು ನೀರು ಇಳಿಯಿತು.

ನೂರು ಕಿಲೋಗೂ ಜಾಸ್ತಿ ತೂಕದ ಎಂಜಿನ್ ಆ ಮುದ್ದೆಯ ಮೇಲೆ ನಿಂತಿತ್ತು. ಅದರ ಮುಂದೆ ನನ್ನ ಮಕ್ಕಳು ಕೂತಿದ್ದರು.

ಟ್ರಾನ್ಸಮ್ಮಿನ ಅದೇ ಬೋಲ್ಟುಗಳ ಸುತ್ತ ಬಿಳಿ ಸೀಲೆಂಟ್, ಅಂದರೆ ಸಂದಿ ಮುಚ್ಚುವ ಅಂಟು, ಹೊಸದಾಗಿ ಹಚ್ಚಲಾಗಿದೆ. ದೋಣಿಯಲ್ಲಿ ಬೇರೆ ಎಲ್ಲ ಕಡೆ ಸೀಲೆಂಟ್ ಹಳದಿಯಾಗಿ ಬಿರುಕು ಬಿಟ್ಟಿದೆ, ಇಲ್ಲಿ ಮಾತ್ರ ಇನ್ನೂ ಬೆರಳಿಗೆ ಮೆತ್ತಗೆ ತಗಲುತ್ತದೆ. ನಿಮ್ಮ ವರದಿಯಲ್ಲಿ “ಟ್ರಾನ್ಸಮ್: ಗಟ್ಟಿ, ದೋಷವಿಲ್ಲ” ಎಂದಿದೆ. ಎರಡರಲ್ಲಿ ಒಂದು ಹೇಳಿ. ನಿಮ್ಮವರು ಇದನ್ನು ನೋಡಿ ಮುಚ್ಚಿದರೋ? ಅಥವಾ ನೋಡದೆ ಬರೆದರೋ? ಯಾವುದಾದರೂ ಸರಿ, ನನಗೆ ಬರಹದಲ್ಲಿ ಉತ್ತರ ಬೇಕು.

ದೋಣಿಯ ಜೊತೆ ಕೊಟ್ಟ, ಅದನ್ನು ಎಳೆದೊಯ್ಯುವ ಟ್ರೇಲರಿನ ಕಥೆ ಚಿಕ್ಕದು. “ಹೊಸ ಟೈರ್” ಎಂದು ಬರೆದಿದ್ದೀರಿ. ಟೈರಿನ ಮೇಲಿನ ಗೀರುಗಳು ಸವೆದಿಲ್ಲ, ನಿಜ. ಆದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ 2214. ಅಂದರೆ 2014ರ 22ನೇ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ನಿಂತ ಟೈರ್ ಸವೆಯುವುದಿಲ್ಲ, ಒಳಗಿಂದ ಒಣಗುತ್ತದೆ. ಹೊಸದು ಎಂಬ ಪದಕ್ಕೆ ನಿಮ್ಮಲ್ಲಿ ಬೇರೆ ಅರ್ಥ ಇದ್ದರೆ ತಿಳಿಸಿ.

ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ “ಸಂಬಂಧಪಟ್ಟವರು ಹೊರಗೆ ಹೋಗಿದ್ದಾರೆ.” ನಾಲ್ಕನೇ ಸಲ ಸಿಕ್ಕವರು, “ಇದ್ದ ಸ್ಥಿತಿಯಲ್ಲೇ ಮಾರಾಟ ಅಂತ ಸಹಿ ಹಾಕಿದ್ದೀರಲ್ಲ ಸರ್, ನಾವೇನು ಮಾಡೋಕಾಗುತ್ತೆ” ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಇಲ್ಲಿ ಹೊಳೆ ದಾಟಿದವರು ನೀವೊಬ್ಬರೇ, ನಾವು ಇನ್ನೂ ನಡುನೀರಿನಲ್ಲಿದ್ದೇವೆ.

ಆ ಸಹಿ ದೋಣಿಯ ಮಾರಾಟ ಪತ್ರಕ್ಕೆ ಹಾಕಿದ್ದು. ತಪಾಸಣೆ ಬೇರೆ ಸೇವೆ. ಅದಕ್ಕೆ ಬೇರೆ ರಸೀದಿ ಇದೆ, ಬೇರೆ ದುಡ್ಡು ಕೊಟ್ಟಿದ್ದೇನೆ. ದೋಣಿ ಹೇಗಿದೆಯೋ ಹಾಗೆ ಎನ್ನುವುದು ಸರಿ. ಹೇಗಿದೆ ಎಂದು ನಿಜ ಹೇಳುವುದಕ್ಕೇ ಅಲ್ವಾ ನೀವು ಆ ಎರಡನೇ ದುಡ್ಡು ತಗೊಂಡದ್ದು?

ಈಗ ನಾನು ಕೇಳುವುದು ಇಷ್ಟು. ದೋಣಿ, ಎಂಜಿನ್, ಟ್ರೇಲರ್ ಮೂರನ್ನೂ ವಾಪಸ್ ತಗೊಂಡು ನಾನು ಕೊಟ್ಟ ಪೂರ್ತಿ ಹಣ ಹಿಂತಿರುಗಿಸಿ. ಅದು ಆಗದಿದ್ದರೆ ಟ್ರಾನ್ಸಮ್ಮಿನ ಮರ ಪೂರ್ತಿ ಬದಲಿಸುವ, ಎಂಜಿನ್ ಸರಿಪಡಿಸುವ ಖರ್ಚನ್ನು ನೀವು ಭರಿಸಬೇಕು. ಕೆಲಸ ನಾನು ಆರಿಸಿದವರ ಕೈಯಲ್ಲಿ ಆಗಬೇಕು. ನಿಮ್ಮವರು ಬಂದು ಮತ್ತೊಂದು ಟ್ಯೂಬ್ ಸೀಲೆಂಟ್ ಹಚ್ಚಿ ಹೋಗುವುದು ಬೇಡ. ಮೆಕ್ಯಾನಿಕ್ ಕೊಟ್ಟ ಅಂದಾಜು ದೋಣಿಯ ಬೆಲೆಯ ಅರ್ಧಕ್ಕಿಂತ ಮೇಲಿದೆ, ಹಾಗಾಗಿ ಮೊದಲನೇ ದಾರಿಯೇ ಇಬ್ಬರಿಗೂ ಸುಲಭ ಅನ್ನಿಸುತ್ತದೆ. ತಪಾಸಣೆಗೆ ಕೊಟ್ಟ ಹಣವಂತೂ ಯಾವ ದಾರಿಯಾದರೂ ವಾಪಸ್ ಬರಬೇಕು. ಜೊತೆಗೆ, ತಪಾಸಣೆ ಮಾಡಿದವರು ಯಾರು, ಯಾವ ದಿನ ಮಾಡಿದರು, ಅವರು ಬರೆದುಕೊಂಡ ಮೂಲ ಹಾಳೆ ಎಲ್ಲಿ ಎಂಬುದನ್ನೂ ತಿಳಿಸಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಇದೇ ಕಾಗದಗಳನ್ನು ಹಿಡಿದು ಗ್ರಾಹಕ ನ್ಯಾಯ ಕೇಳುವ ಕಡೆಗೆ ಹೋಗುತ್ತೇನೆ. ನಿಮ್ಮ ವರದಿಯ ನಕಲು, ಎರಡೂ ರಸೀದಿ, ಮೆಕ್ಯಾನಿಕ್ ಸಹಿ ಮಾಡಿದ ಟಿಪ್ಪಣಿ, 23 ಫೋಟೋ ಲಗತ್ತಿಸಿದ್ದೇನೆ. ಮುರಿದ ಇಂಪೆಲ್ಲರ್ ಮಾತ್ರ ಕಳಿಸುತ್ತಿಲ್ಲ, ಅದು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಹತ್ತಿರವೇ ಇರುತ್ತದೆ.

ದೋಣಿ ಟ್ರೇಲರಿನ ಮೇಲೆ, ಟಾರ್ಪಾಲಿನ್ ಕೆಳಗೆ ಇದೆ. ಕೊರೆದ ತೂತನ್ನು ಮುಚ್ಚಿಲ್ಲ. ನಿಮ್ಮವರು ಯಾವ ದಿನ ಬೇಕಾದರೂ ಬಂದು ನೋಡಬಹುದು, ಒಂದು ದಿನ ಮುಂಚೆ ತಿಳಿಸಿದರೆ ಸಾಕು. ಅವರು ಬರುವ ಹೊತ್ತಿಗೆ ಎಂಜಿನ್ ತಣ್ಣಗೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕ