ಲಕೋಟೆಯ ಮಡಿಕೆಯಡಿ ಉಳಿದ ಚೌಕ: ಟೆಕ್ಸಸ್ ಶಾಸಕರಿಗೊಂದು ಬಹಿರಂಗ ಪತ್ರ

ಟೆಕ್ಸಸ್ ಶಾಸನಸಭೆಯಲ್ಲಿ ನಮ್ಮ ಕ್ಷೇತ್ರವನ್ನು ಪ್ರತಿನಿಧಿಸುತ್ತಿರುವ ಮಾನ್ಯ ಸದಸ್ಯರಿಗೆ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ಮಕ್ಕಳ ಬಳಿಗೆ ಬಂದು ಇಲ್ಲಿನ ಪೌರತ್ವ ಪಡೆದ ನಮ್ಮ ಹಿರಿಯರೂ ಓದಲೆಂದು.

ಮತಗಟ್ಟೆಯಲ್ಲಿ ಭಾವಚಿತ್ರವುಳ್ಳ ಗುರುತಿನ ಚೀಟಿ ಕೇಳುವುದಕ್ಕೆ ನನ್ನ ತಕರಾರಿಲ್ಲ. ಕರ್ನಾಟಕದಲ್ಲಿ ವೋಟರ್ ಐಡಿ ತೋರಿಸಿಯೇ ಮತ ಹಾಕಿದವರು ನಾವು. ಆದರೆ ಅಲ್ಲಿ ಅದಿಲ್ಲದಿದ್ದರೆ ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಕೂಡ ನಡೆಯುತ್ತದೆ. ಇಲ್ಲಿನ 2011ರ ಕಾನೂನು ಒಪ್ಪಿದ್ದು ಏಳೇ ಬಗೆಯ ಚೀಟಿಗಳನ್ನು. ಅದರಲ್ಲಿ ಬಂದೂಕಿನ ಪರವಾನಗಿಗೆ ಜಾಗವಿದೆ, ವಿದ್ಯಾರ್ಥಿಯ ಕಾಲೇಜು ಚೀಟಿಗಿಲ್ಲ. ಚೀಟಿ ಹೊಂದಿಸಲಾಗದವರು ಕಾರಣ ಬರೆದುಕೊಟ್ಟು ಬೇರೆ ದಾಖಲೆ ತೋರಿಸಲು 2017ರ ಕಾನೂನಿನಲ್ಲಿ ಅವಕಾಶವಿದೆಯೆನ್ನುವುದನ್ನೂ ಹೇಳಲೇಬೇಕು.

ನನ್ನ ಅಹವಾಲು ಅಂಚೆ ಮತದ್ದು. 2021ರಲ್ಲಿ ಟೆಕ್ಸಸ್ ಶಾಸನಸಭೆ ಅಂಗೀಕರಿಸಿದ ಎಸ್.ಬಿ. 1 (ಸೆನೆಟ್ ಬಿಲ್ 1) ಕಾಯ್ದೆಯಂತೆ, ಅಂಚೆಯಲ್ಲಿ ಮತ ಕಳಿಸುವವರು ಡ್ರೈವಿಂಗ್ ಲೈಸೆನ್ಸ್ ಅಥವಾ ರಾಜ್ಯದ ಗುರುತಿನ ಚೀಟಿಯ ಸಂಖ್ಯೆಯನ್ನು, ಅದಿಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ (ಫೆಡರಲ್ ಸರ್ಕಾರ ಕೊಡುವ ಸಾಮಾಜಿಕ ಭದ್ರತೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆಯಬೇಕು, ಮತ್ತು ಅದು ನೋಂದಣಿ ಕಡತದೊಂದಿಗೆ ತಾಳೆಯಾಗಬೇಕು. 65 ದಾಟಿದ ನನ್ನ ತಾಯಿ 2022ರ ಮಾರ್ಚ್‌ನಲ್ಲಿ, ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಮತಪತ್ರ ಹರಡಿಕೊಂಡು, ಭೂತಗನ್ನಡಿ ಹಿಡಿದು ಒಂದೊಂದೇ ಹೆಸರು ಓದಿ, ಗುರುತು ಹಾಕಿ, ಸಹಿ ಮಾಡಿ ಲಕೋಟೆ ಅಂಟಿಸಿದರು. ಸಂಖ್ಯೆ ಬರೆಯುವ ಚೌಕವಿದ್ದದ್ದು ಅಂಟಿಸುವ ಮಡಿಕೆಯ ಅಡಿಯಲ್ಲಿ. ಅದು ಅವರ ಕಣ್ಣಿಗೆ ಬೀಳಲೇ ಇಲ್ಲ. ಸರಿಪಡಿಸಿಕೊಳ್ಳಿ ಎಂಬ ಕಾಗದ ಮನೆಗೆ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಆ ಚುನಾವಣೆಯಲ್ಲಿ ರಾಜ್ಯದಾದ್ಯಂತ 24 ಸಾವಿರಕ್ಕೂ ಹೆಚ್ಚು ಅಂಚೆ ಮತಗಳು, ಎಂದರೆ ಹೆಚ್ಚುಕಡಿಮೆ ಎಂಟರಲ್ಲೊಂದು, ತಿರಸ್ಕೃತವಾದವು. ನವೆಂಬರ್ ಹೊತ್ತಿಗೆ ಈ ಪ್ರಮಾಣ ಬಹಳ ತಗ್ಗಿತು, ನಿಜ. ಆದರೆ ಕಾನೂನೇನೂ ಬದಲಾಗಿರಲಿಲ್ಲ, ಮತದಾರರೂ ಚುನಾವಣಾ ಸಿಬ್ಬಂದಿಯೂ ಪೆಟ್ಟು ತಿಂದು ಕಲಿತಿದ್ದರು. ಮೊದಲ ಬಾರಿ ಅಂಚೆಯಲ್ಲಿ ಮತ ಹಾಕುವ ವೃದ್ಧರು ಪ್ರತಿ ಚುನಾವಣೆಗೂ ಹೊಸದಾಗಿ ಬರುತ್ತಲೇ ಇರುತ್ತಾರೆ.

2025ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ನಿಯಮವನ್ನು ಎತ್ತಿಹಿಡಿದಿರುವುದರಿಂದ ನಾನು ತಮ್ಮ ಬಳಿಗೆ ಬಂದಿದ್ದೇನೆ. ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ ಮಾತ್ರ. 2027ರ ಜನವರಿಯಲ್ಲಿ ಸೇರಿದಾಗ, ಸಹಿ ಹೊಂದುವ ಮತವನ್ನು ಸಂಖ್ಯೆ ಬಿಟ್ಟುಹೋಯಿತೆಂಬ ಒಂದೇ ಕಾರಣಕ್ಕೆ ತಳ್ಳಿಹಾಕದಂತೆ ತಿದ್ದುಪಡಿಯೊಂದನ್ನು ತಾವು ಮಂಡಿಸಬೇಕೆಂದೂ, ಅಲ್ಲಿಯವರೆಗೆ ಆ ಚೌಕದತ್ತ ಬೆರಳು ತೋರುವ ದಪ್ಪಕ್ಷರದ ಸೂಚನೆಯನ್ನು ಲಕೋಟೆಯ ಹೊರಮೈ ಮೇಲೆ ಮುದ್ರಿಸುವಂತೆ ರಾಜ್ಯದ ಚುನಾವಣಾ ಅಧಿಕಾರಿಗಳನ್ನು ಒತ್ತಾಯಿಸಬೇಕೆಂದೂ ಕೋರುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಮತದಾರ