ಅಂಗವಿಕಲ ಮಕ್ಕಳ ಅನುದಾನ ಒಂಟಿಮನೆಯ ಅಂಗಳಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಶಿಕ್ಷಕಿಯಾಗಿದ್ದ ಕೊನೆಯ ವರ್ಷಗಳಲ್ಲಿ, ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಗೆ ಬರಲಾಗದ ಹುಡುಗಿಯೊಬ್ಬಳಿದ್ದಳು. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಬರುವ ಚಲನೆಯ ತೊಂದರೆಯಿಂದ, ಕಾಲುಗಳು ಬಿಗಿದುಕೊಂಡಿದ್ದ ಅವಳ ಮನೆಗೆ ಹೋಗಬೇಕೆಂದರೆ ರಸ್ತೆ ಮುಗಿದ ಮೇಲೆ ಗದ್ದೆಯಂಚು ಹಿಡಿದು, ಕಾಲುಸಂಕ ದಾಟಿ, ಅಡಿಕೆ ತೋಟದ ತುದಿಯವರೆಗೆ ನಡೆಯಬೇಕಿತ್ತು. ತಾಯಿ ಅವಳನ್ನು ಸೊಂಟದ ಮೇಲೆ ಹೊತ್ತು ಬಸ್ಸಿಗೆ ಬಂದು, 60 ಕಿಲೋಮೀಟರಿಗೂ ಹೆಚ್ಚು ದೂರದ ಶಿವಮೊಗ್ಗದಲ್ಲಿ ಅರ್ಧ ಗಂಟೆಯ ಫಿಸಿಯೋಥೆರಪಿ ಮಾಡಿಸಿಕೊಂಡು ಮರಳುವಷ್ಟರಲ್ಲಿ ಕತ್ತಲಾಗಿ, ಆ ದಿನದ ಕೂಲಿಯೂ ಕೈತಪ್ಪುತ್ತಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ಬೇಸಿಗೆಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ ಹುಡುಗಿಯನ್ನು ಶ್ರಾವಣ ಕಳೆದ ಮೇಲೆ ಹೋಗಿ ನೋಡಿದರೆ, ಅವಳು ಮತ್ತೆ ಚಾಪೆ ಹಿಡಿದಿದ್ದಳು.

ಅವಳಿಗಾಗಿ ಕಾನೂನಾಗಲಿ ಹಣವಾಗಲಿ ಇರಲಿಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಆದರೆ ಪ್ರಯಾಣಕ್ಕೆಂದು ಸಿಗುವುದು ತೀರಾ ಅಲ್ಪ. ಮಲೆನಾಡಿನಲ್ಲಿ ಚಿಕಿತ್ಸೆಗಿಂತ ದಾರಿಯೇ ದುಬಾರಿ ಎಂಬುದು ಇಂಥ ನಿಯಮಗಳನ್ನು ಬರೆದವರ ಗಮನಕ್ಕೆ ಬಂದಂತಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಹಣ ನಮ್ಮ ಗ್ರಾಮ ಪಂಚಾಯಿತಿಗಳಲ್ಲೇ ಇದೆ. ಅಂಗವಿಕಲರಿಗಾಗಿ ಅವು ಶೇ 5ರಷ್ಟು ಅನುದಾನವನ್ನು ಮೀಸಲಿಡಬೇಕು. ನಾನು ಕಂಡ ಒಂದು ಪಂಚಾಯಿತಿಯಲ್ಲಿ ಮಾರ್ಚ್ ತಿಂಗಳು ಬಂದಾಗ ಆ ಹಣದಿಂದ ಪಟ್ಟಿಯಲ್ಲಿದ್ದವರಿಗೆಲ್ಲ ಒಂದೇ ಬಗೆಯ ನೀರಿನ ಟ್ಯಾಂಕ್ ಹಂಚಿದರು. ಬಡವರ ಮನೆಗೆ ಟ್ಯಾಂಕ್ ಬೇಡವೆಂದು ನಾನು ಹೇಳಲಾರೆ. ಆದರೆ ಮೇಲೆ ಹೇಳಿದ ಹುಡುಗಿಗೆ ಬೇಕಿದ್ದುದು ವಾರಕ್ಕೊಮ್ಮೆ ಒಂದು ಆಟೋ, ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ, ಕಾಲು ಬೆಳೆದಂತೆ ಆಗಾಗ ಬದಲಿಸಬೇಕಾದ ಆಧಾರಪಟ್ಟಿ (ಸ್ಪ್ಲಿಂಟ್), ಮತ್ತು ಅವಳ ತಾಯಿಗೆ ದಿನನಿತ್ಯದ ವ್ಯಾಯಾಮವನ್ನು ಕೈಹಿಡಿದು ಕಲಿಸಿಕೊಡುವ ಒಬ್ಬರು. ಮಗು ಬೆಳೆದಂತೆ ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಜೊತೆಗೆ ಹಿಗ್ಗುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಪೇಟೆಯಲ್ಲಿ ಮಾಡಿಸುವ ವ್ಯಾಯಾಮಕ್ಕಿಂತ ದಿನವೂ ಮನೆಯಲ್ಲಿ ಸರಿಯಾಗಿ ಮಾಡಿಸುವುದೇ ಮುಖ್ಯ.

ತರಬೇತಿಯ ಮಾತು ಬರುವುದು ಇಲ್ಲಿಯೇ. ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಊರಿನವರು ವಿ.ಆರ್.ಡಬ್ಲ್ಯೂ. ಎಂದೇ ಕರೆಯುವವರು, ಸ್ವತಃ ಅಂಗವಿಕಲರು. ಕಡಿಮೆ ಗೌರವಧನಕ್ಕೆ ಅವರು ಗುರುತಿನ ಚೀಟಿ, ಪಿಂಚಣಿ ಅರ್ಜಿಗಳಿಗಾಗಿ ಓಡಾಡುವುದನ್ನು ನಾನು ಗೌರವದಿಂದ ಕಂಡಿದ್ದೇನೆ. ಗುಡ್ಡದ ಮೇಲಿನ ಒಂಟಿಮನೆಗಳಿಗೆ ಹೋಗಿಬರಲು ಅವರಿಗೂ ವಾಹನದ ನೆರವು ಬೇಕು. ಭಾರತೀಯ ಪುನರ್ವಸತಿ ಪರಿಷತ್ತು ಸಮುದಾಯ ಮಟ್ಟದ ಕಾರ್ಯಕರ್ತರಿಗಾಗಿಯೇ 2021ರಲ್ಲಿ ಆರು ತಿಂಗಳ ಕೋರ್ಸೊಂದನ್ನು ಆರಂಭಿಸಿದೆ. ನಮ್ಮ ಜಿಲ್ಲೆಯ ಕಾರ್ಯಕರ್ತರನ್ನು ಗೌರವಧನ ಕಡಿತಗೊಳಿಸದೆ, ಸರ್ಕಾರದ ವೆಚ್ಚದಲ್ಲಿ, ಅದಕ್ಕೆ ಕಳುಹಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪರಿಣತರು ದೂರದಿಂದಲೇ ವಿಡಿಯೊ ಮೂಲಕ ಮಾರ್ಗದರ್ಶನ ನೀಡಬಲ್ಲರು. ಆದರೆ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ನಮ್ಮ ಊರುಗಳಲ್ಲಿ, ಅದನ್ನು ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಏರ್ಪಡಿಸಿದರೆ ಮಾತ್ರ ಉಪಯೋಗವಾದೀತು.

ಇಷ್ಟು ದೂರ ಯಾರು ಹೋಗುತ್ತಾರೆ ಎಂದು ಕೇಳುವವರಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ತಡೆಯಲು, ಅದನ್ನು ಹರಡುವ ಉಣ್ಣೆ ಹುಳುಗಳ ನಿವಾರಕ ತೈಲ ಹಿಡಿದು ಕಾಡಂಚಿನ ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರೇ ಇದಕ್ಕೆ ಉತ್ತರ. ಅವರಿಗೆ ಯಾವ ಮನೆಯಲ್ಲಿ ಎಂಥ ಮಗುವಿದೆಯೆಂಬುದು ಗೊತ್ತು. ಕತ್ತು ನಿಲ್ಲದ, ಕೂಗಿದರೆ ತಿರುಗಿ ನೋಡದ ಕೂಸನ್ನು ಮೊದಲ ವರ್ಷದಲ್ಲೇ ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಲು ಅವರಿಗೆ ತರಬೇತಿ ಕೊಡಬೇಕು, ಮತ್ತು ಆ ಕೆಲಸಕ್ಕೆ ಪ್ರತ್ಯೇಕ ಪ್ರೋತ್ಸಾಹಧನವನ್ನೂ ಕೊಡಬೇಕು. ಈಗಿರುವ ಹೊರೆಯ ಮೇಲೆ ಬರಿದೇ ಇನ್ನೊಂದನ್ನು ಹೇರುವುದು ನ್ಯಾಯವಲ್ಲ.

ಜಿಲ್ಲಾ ಪಂಚಾಯಿತಿ ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ನನ್ನ ಮನವಿ ಇಷ್ಟೇ: ಮುಂದಿನ ಕ್ರಿಯಾಯೋಜನೆ ಅಂತಿಮಗೊಳ್ಳುವ ಮುನ್ನ ಪ್ರತಿ ಪಂಚಾಯಿತಿಯೂ ಅಂಗವಿಕಲ ಮಕ್ಕಳ ತಾಯಂದಿರನ್ನು ಕರೆದು, ಯಾವ ಮಗುವಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳಲಿ. ಪ್ರಯಾಣ, ಸ್ಪ್ಲಿಂಟ್ ಹಾಗೂ ತಾಯಂದಿರ ತರಬೇತಿಯನ್ನು ಶೇ 5ರ ಅನುದಾನದ ಮೊದಲ ಬಾಬ್ತುಗಳೆಂದು ಸ್ಪಷ್ಟ ಸುತ್ತೋಲೆ ಹೊರಡಲಿ. ಆ ತರಬೇತಿಯು ಹಳ್ಳಗಳು ತುಂಬುವ ಮೊದಲೇ, ಮೇ ತಿಂಗಳೊಳಗೆ ಮುಗಿಯಲಿ.

ಇತಿ ವಂದನೆಗಳೊಂದಿಗೆ,
ಓರ್ವ ನಿವೃತ್ತ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ